ಮರೆವಿಗೆ ಮೂವತ್ತು ಅಂಕ

ಮರೆಗುಳಿ ರೋಗವನ್ನು ಗುರುತಿಸಲು ವೈದ್ಯರು ಬಳಸುವ ಪ್ರಶ್ನಾವಳಿಗಳಲ್ಲಿ ಬಹು ಪ್ರಸಿದ್ಧವಾದುದು 1975ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ‘ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್’. ಒಟ್ಟು 30 ಅಂಕ. 24ಕ್ಕಿಂತ ಕಡಿಮೆ ಬಂದರೆ ಸಂಶಯ. ಇಂದಿನ ತಾರೀಖು ಹೇಳಿ, ನೂರರಿಂದ ಏಳೇಳು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ, ಎರಡು ಪಂಚಕೋನಗಳನ್ನು ನೋಡಿ ಬಿಡಿಸಿ – ಹೀಗೆ. ಪ್ರಶ್ನೆಪತ್ರಿಕೆ ತೆಗೆಯುತ್ತಲೇ ಆಯುಷ್ಯ ಸವೆಸಿದ ನನಗೆ ಇದು ಅಳೆಯುವುದು ನೆನಪನ್ನೋ, ಶಾಲೆಯ ಮೆಟ್ಟಿಲು ಹತ್ತಿದ್ದನ್ನೋ ಎಂಬ ಶಂಕೆ.

ನಮ್ಮ ಜಿಲ್ಲೆಯ ಹಾಲಕ್ಕಿ ಗಾಯಕಿ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿತು ಹಾಡಿದವರಲ್ಲ. ಸಾವಿರಾರು ಹಾಡುಗಳನ್ನು ಕಂಠದಲ್ಲೇ ಕಾಪಾಡಿ 2017ರಲ್ಲಿ ಪದ್ಮಶ್ರೀ ಪಡೆದರು. ಅಂತಹ ಸ್ಮೃತಿಗೆ ಈ ಪತ್ರಿಕೆಯಲ್ಲಿ ಒಂದು ಅಂಕವೂ ಇಲ್ಲ. ಪೆನ್ಸಿಲ್ ಹಿಡಿಯದ ಕೈಗೆ ಮಾತ್ರ ಅಂಕ ಕಡಿತ! ಕುಮಟೆ, ಹೊನ್ನಾವರದ ಹಳ್ಳಿಯ ಅಜ್ಜಿ ತಾರೀಖಿನ ಬದಲು ತಿಥಿ ಹೇಳಿಯಾಳು, ಭಟ್ಕಳದ ನವಾಯತಿ ಮಾತಾಡುವ ಅಜ್ಜ ಶಾಬಾನ್ ತಿಂಗಳು ಎಂದಾರು. ತಪ್ಪು ಯಾರದು?

ಇದು ಬರೀ ತಕರಾರಲ್ಲ, ಲೆಕ್ಕವೂ ಹೌದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ 60 ದಾಟಿದವರಲ್ಲಿ ಈ ರೋಗ ಶೇ. 7.4. ಸಾವಿರ ವೃದ್ಧರಲ್ಲಿ 74 ಮಂದಿ ಎನ್ನಿ. ರೋಗಿಗಳಲ್ಲಿ ಶೇ. 90 ಜನರನ್ನು ಹಿಡಿಯುವ, ರೋಗವಿಲ್ಲದವರಲ್ಲಿ ಶೇ. 80 ಜನರನ್ನು ಸರಿಯಾಗಿ ಬಿಡುವ ಪರೀಕ್ಷೆಯೊಂದಿದೆ ಎಂದಿಟ್ಟುಕೊಳ್ಳೋಣ. ಅದು 67 ರೋಗಿಗಳನ್ನು ಹಿಡಿಯುತ್ತದೆ. ಜೊತೆಗೆ ನೆಟ್ಟಗಿರುವ 185 ಮಂದಿಯನ್ನೂ. ಅಂದರೆ ಬೆರಳು ತೋರಿಸಿಕೊಂಡ ನಾಲ್ವರಲ್ಲಿ ಸುಮಾರು ಒಬ್ಬರಿಗಷ್ಟೇ ರೋಗ. ಉಳಿದವರ ಮಾತಿಗೆ ಮನೆಯಲ್ಲಿ ಬೆಲೆ ಹೋಗುತ್ತದೆ, ಜಮೀನಿನ ಕಾಗದಕ್ಕೆ ಅವರ ರುಜು ನಡೆಯದೆಂಬ ಗುಸುಗುಸು ಏಳುತ್ತದೆ. ಇತ್ತ ಬಹಳ ಓದಿದ ನಿವೃತ್ತ ಅಧಿಕಾರಿ, ರೋಗ ತಟ್ಟಿದ್ದರೂ, 27 ಅಂಕ ಪಡೆದು ಪಾಸಾಗಬಲ್ಲರು.

ವಿದ್ವಾಂಸರಿಗೆ ಇದು ತಿಳಿಯದ್ದಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಅನಕ್ಷರಸ್ಥರಿಗೆಂದೇ ಹಿಂದಿಯ ಪರೀಕ್ಷೆ 1995ರಲ್ಲಿ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷಾ ಸಾಮಗ್ರಿ ರೂಪಿಸಿದೆ. ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಗಳಿಂದ ಅಭ್ಯಸಿಸುತ್ತಿದೆ. ಆದರೆ ಕೋಲಾರದ ಅಳತೆಗೋಲನ್ನು ಕೊಂಕಣಿ, ನವಾಯತಿ, ಹಾಲಕ್ಕಿ ಕನ್ನಡಗಳ ಕರಾವಳಿಗೆ ಹಾಗೆಯೇ ತರಲಾಗದು. ನಮ್ಮ ಮೂರು ತಾಲೂಕುಗಳ ಆರೋಗ್ಯವಂತ ವೃದ್ಧರೇ ಎಷ್ಟು ಅಂಕ ಪಡೆಯುತ್ತಾರೆಂಬುದನ್ನು ಮೊದಲು ಅಳೆಯಬೇಕು.

ಅಲ್ಲಿಯವರೆಗೆ ಅಂಕವನ್ನಷ್ಟೇ ನಂಬಬೇಡಿ. ಕನ್ನಡಕ ಹಾಕಿಸಿ, ಕಿವಿ ಕೇಳುತ್ತದೆಯೇ ನೋಡಿ ಪ್ರಶ್ನೆ ಕೇಳಲಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಗಳೂ ಮರೆವು ತರುತ್ತವೆ, ಅವಕ್ಕೆ ಔಷಧವಿದೆ. ಮೀನು ಮಾರುವ ಹೆಂಗಸು ಕಳೆದ ವರ್ಷದಂತೆ ಈ ವರ್ಷವೂ ಚಿಲ್ಲರೆ ಸರಿಯಾಗಿ ಕೊಡುತ್ತಿದ್ದಾಳೆಯೇ ಎಂದು ಅವಳ ಸೊಸೆಯನ್ನೂ ಕೇಳಲಿ.