ಎದ್ದು ಓಡಾಡಿದರಷ್ಟೇ ಗೆಲುವೇ?

ಚನ್ನರಾಯಪಟ್ಟಣ ಸೀಮೆಯಲ್ಲಿ ತೆಂಗಿನ ಮರದಿಂದ ಬಿದ್ದವರ ಸುದ್ದಿ ಅಪರೂಪವೇನಲ್ಲ. ಅರಕಲಗೂಡು ಕಡೆ ಟ್ರ್ಯಾಕ್ಟರ್ ಮಗುಚುತ್ತದೆ, ಹೊಳೆನರಸೀಪುರದ ರಸ್ತೆಯಲ್ಲಿ ಬೈಕು ಜಾರುತ್ತದೆ. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದೆತ್ತಿ ಆಟೊದಲ್ಲಿ ಮಡಚಿ ಕೂರಿಸುತ್ತಾರೆ. ಒಳ್ಳೆಯ ಮನಸ್ಸಿನ ಕೆಲಸವೇ, ಆದರೆ ಮುರಿದ ಬೆನ್ನುಮೂಳೆ ಬಾಗಿದರೆ ಉಳಿದಿದ್ದ ನರವೂ ನಜ್ಜಾಗಬಹುದು. ಅಲುಗಿಸದೆ 108ಕ್ಕೆ ಕಾಯುವುದೇ ಲೇಸು. ಹಾಸನದ ಆಸ್ಪತ್ರೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮನೆಯವರು ಕೇಳುವುದು ಒಂದೇ ಮಾತು: ‘ಸೊಂಟದಿಂದ ಕೆಳಕ್ಕೆ ಸ್ವಾಧೀನ ಇಲ್ಲ ಡಾಕ್ಟ್ರೇ, ಎದ್ದು ಓಡಾಡ್ತಾರಾ?’

ಉತ್ತರಕ್ಕಾಗಿ ವೈದ್ಯರು ಸ್ಕ್ಯಾನಿನಷ್ಟೇ ಗುಂಡುಸೂಜಿಯನ್ನೂ ನೆಚ್ಚುತ್ತಾರೆ. ಗುದದ್ವಾರದ ಸುತ್ತ ಚುಚ್ಚಿದ್ದು ತಿಳಿದರೆ ಬೆನ್ನುಹುರಿಯ ಪೆಟ್ಟು ಅಪೂರ್ಣ. ಅಲ್ಲಿ ಅರಿವಾಗಲೀ ಹಿಡಿತವಾಗಲೀ ಏನೂ ಇಲ್ಲದಿದ್ದರೆ ಪೂರ್ಣ. ಪೆಟ್ಟಿನ ತೀವ್ರತೆಗೆ ಕೊಡುವ, ಪೂರ್ಣ ಪೆಟ್ಟಿನ ಎಯಿಂದ ಸಹಜ ಸ್ಥಿತಿಯ ಇವರೆಗಿನ ದರ್ಜೆಗಳಲ್ಲಿ ಡಿ ಸಿಕ್ಕವರು ಬಹುಪಾಲು ಮತ್ತೆ ನಡೆಯುತ್ತಾರೆ, ಎ ಸಿಕ್ಕವರಲ್ಲಿ ಕೆಲವರು ಮಾತ್ರ.

ನಿಲ್ಲುವುದರಿಂದ, ನಡೆಯುವುದರಿಂದ ಲಾಭವಿಲ್ಲವೇ? ಖಂಡಿತ ಇದೆ. ಕೀಲು ಅಷ್ಟು ಬೇಗ ಬಿಗಿಯುವುದಿಲ್ಲ, ಕಾಲಿನ ಸೆಡೆತ ಒಂದಿಷ್ಟು ಹೊತ್ತು ಸಡಿಲವಾಗುತ್ತದೆ, ಪೃಷ್ಠದ ಮೇಲಿನ ಭಾರ ಇಳಿದು ಹಾಸಿಗೆ ಹುಣ್ಣಿನ ಭಯ ತಗ್ಗುತ್ತದೆ. ನಮ್ಮ ಹಳ್ಳಿಮನೆಗಳಲ್ಲಿ ಇನ್ನೊಂದು ಲಾಭವನ್ನೂ ಸೇರಿಸಬೇಕು. ಹೊಸ್ತಿಲು ಎತ್ತರ, ಬಚ್ಚಲಿನ ಬಾಗಿಲು ಕಿರಿದು, ವೀಲ್‌ಚೇರ್ ನುಗ್ಗುವುದಿಲ್ಲ. ಅಲ್ಲಿ ವಾಕರ್ ಹಿಡಿದು ಇಡುವ ಹತ್ತು ಹೆಜ್ಜೆ ಒಬ್ಬ ಮನುಷ್ಯನ ಮಾನ ಕಾಯುತ್ತದೆ.

ಕಷ್ಟಗಳ ಬಗ್ಗೆ ಮಾತ್ರ ಯಾರೂ ಮೊದಲೇ ಬಾಯಿ ಬಿಡುವುದಿಲ್ಲ. ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ ಕಟ್ಟಿ ಊರುಗೋಲಿನ ಮೇಲೆ ದೇಹ ಎಸೆದೆಸೆದು ನಡೆಯುವುದಕ್ಕೆ ವೀಲ್‌ಚೇರ್ ತಳ್ಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕು. ಭಾರವೆಲ್ಲ ಭುಜಕ್ಕೆ, ಭುಜ ಸವೆದರೆ ಹಾಸಿಗೆಯಿಂದ ಕುರ್ಚಿಗೆ ಜರುಗುವುದೂ ಕಷ್ಟ. ಸ್ಪರ್ಶವಿಲ್ಲದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ಬಿಸಿಲಿಗೆ ಕಾದ ಟಾರು ಸುಟ್ಟಿದ್ದೂ ತಿಳಿಯದು. ಕೆಲಸವಿಲ್ಲದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ, ಸಣ್ಣಗೆ ಬಿದ್ದರೂ ಮಂಡಿಯ ಬಳಿ ಮುರಿಯಬಹುದು. ಮೊದಮೊದಲು ಎದ್ದು ನಿಂತರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದೂ ಉಂಟು.

ಯಂತ್ರಗಳ ಮೋಹ ಬೇರೆ. 2023ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಮಿದುಳಿಗೂ ಬೆನ್ನುಹುರಿಗೂ ಉಪಕರಣ ಜೋಡಿಸಿ ಡಚ್ ವ್ಯಕ್ತಿಯೊಬ್ಬರನ್ನು ನಡೆಸಿದ್ದು ಬೆರಗಿನ ಸಂಗತಿಯೇ, ಆದರೂ ಅದಿನ್ನೂ ಪ್ರಯೋಗ. 2006ರ ಅಮೆರಿಕ–ಕೆನಡಾದ ಅಧ್ಯಯನವೊಂದು ನಮಗೆ ಹೆಚ್ಚು ಉಪಯುಕ್ತ. ಅಪೂರ್ಣ ಪೆಟ್ಟಿನವರಲ್ಲಿ ಕೆಲವರನ್ನು ಪಟ್ಟಿಯಲ್ಲಿ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿದರು, ಉಳಿದವರಿಗೆ ನೆಲದ ಮೇಲೇ ಅಭ್ಯಾಸ. ಫಲಿತಾಂಶ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ದುಬಾರಿ ಯಂತ್ರ ಸಿಗಲಿಲ್ಲವೆಂದು ಅರಕಲಗೂಡಿನವರು ಕೊರಗಬೇಕಿಲ್ಲ; ನುರಿತ ಫಿಸಿಯೊಥೆರಪಿಸ್ಟ್ ಬೇಕು, ಬಿಡದ ಅಭ್ಯಾಸ ಬೇಕು.

ನಡೆಯದಿದ್ದರೆ ಬದುಕೇ ಮುಗಿಯಿತೆನ್ನುವವರು ಎಸ್. ರಾಮಕೃಷ್ಣನ್ ಅವರನ್ನು ನೆನೆಯಬೇಕು. 1975ರಲ್ಲಿ ನೌಕಾಪಡೆಯ ಆಯ್ಕೆ ಪರೀಕ್ಷೆಗೆಂದು ಬೆಂಗಳೂರಿಗೆ ಬಂದ ಆ ಯುವಕ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. 1981ರಲ್ಲಿ ತಮಿಳುನಾಡಿನ ಆಯ್ಕುಡಿಯಲ್ಲಿ ಅಮರ್ ಸೇವಾ ಸಂಘ ಕಟ್ಟಿದರು, 2020ರಲ್ಲಿ ಪದ್ಮಶ್ರೀ ಬಂತು. ಎಲ್ಲವೂ ಗಾಲಿಕುರ್ಚಿಯಲ್ಲಿ ಕೂತೇ. ಶ್ರವಣಬೆಳಗೊಳದ ಬೆಟ್ಟವನ್ನು ಡೋಲಿಯಲ್ಲಿ ಏರಿದವರಿಗೆ ಗೊಮ್ಮಟನ ದರ್ಶನ ಅರ್ಧವಾಗುತ್ತದೆಯೇ?

ಆದ್ದರಿಂದ ಆಸ್ಪತ್ರೆ ಬಿಡುವಾಗ ನಡಿಗೆಯ ಜೊತೆಗೆ ಮೂತ್ರಚೀಲದ ಆರೈಕೆ, ಹುಣ್ಣಾಗದಂತೆ ಮಗ್ಗುಲು ಬದಲಿಸುವ ಕ್ರಮ, ಅಳತೆಗೊಪ್ಪುವ ವೀಲ್‌ಚೇರ್‌ ಬಗ್ಗೆಯೂ ಕೇಳಿ. ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ಶೇ 5ರಷ್ಟು ಹಣ ಮೀಸಲಿಡಬೇಕೆಂಬ ನಿಯಮವಿದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು, ಆ ಹಣದಲ್ಲಿ ಒಂದು ಇಳಿಜಾರು, ಒಂದು ಅಗಲ ಬಾಗಿಲಿನ ಶೌಚಾಲಯ ಕಟ್ಟಿಸಿ ಎಂದು ಕೇಳಿ.