ಟಿಸಿ ಗುಂಯ್‌ಗುಡುವುದು ಸಹಜ, ನಿದ್ದೆಗೆಡಿಸುವುದಲ್ಲ

ಬಡಾವಣೆಯ ಟಿಸಿ, ಅಂದರೆ ವಿದ್ಯುತ್ ಪರಿವರ್ತಕ, ಹಗಲಿರುಳೂ ಗುಂಯ್‌ಗುಡುತ್ತದೆ. ಲೋಡ್ ತಾಳಲಾರದೆ ಇನ್ನೇನು ಸಿಡಿಯುತ್ತದೆ ಎಂದು ಕೆಲವರು ಹೆದರುತ್ತಾರೆ. ಅದು ಇರುವುದೇ ಹಾಗೆ ಎಂದು ಕೆಲವರು ಕೈತೊಳೆದುಕೊಳ್ಳುತ್ತಾರೆ. ಹೆದರಿಕೆಗೆ ಆಧಾರವಿಲ್ಲ, ಉದಾಸೀನಕ್ಕೂ ಇಲ್ಲ. ಸದ್ದು ಉಕ್ಕಿನ ಸ್ವಭಾವ. ಅದು ಎಷ್ಟಿರಬೇಕು, ಯಾರ ಕಿಟಕಿಯ ಪಕ್ಕದಲ್ಲಿರಬೇಕು ಎಂಬುದು ಮಾತ್ರ ನಮ್ಮ ತೀರ್ಮಾನ.

ಟಿಸಿಯೊಳಗೆ ಸಿಲಿಕಾನ್ ಬೆರೆತ ಉಕ್ಕಿನ ತೆಳು ತಗಡುಗಳನ್ನು ಒತ್ತಾಗಿ ಜೋಡಿಸಿ, ಅದಕ್ಕೆ ತಂತಿ ಸುತ್ತಿ ಎಣ್ಣೆಯಲ್ಲಿ ಮುಳುಗಿಸಿರುತ್ತಾರೆ. ಕಬ್ಬಿಣ ಅಯಸ್ಕಾಂತವಾದಾಗ ಅದರ ಉದ್ದ ಅತ್ಯಲ್ಪ ಬದಲಾಗುತ್ತದೆ ಎಂಬುದನ್ನು ಜೇಮ್ಸ್ ಜೌಲ್ 1842ರಲ್ಲೇ ವಿವರಿಸಿದ್ದ. ಒಂದು ಮೀಟರ್ ತಗಡಿನಲ್ಲಿ ಈ ವ್ಯತ್ಯಾಸ ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ. ಆದರೆ ನಮ್ಮಲ್ಲಿ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಕಾಂತತ್ವ ಯಾವ ದಿಕ್ಕಿಗೆ ತಿರುಗಿದರೂ ತಗಡಿನ ಪ್ರತಿಕ್ರಿಯೆ ಒಂದೇ ಆದ್ದರಿಂದ ಅದು ಸೆಕೆಂಡಿಗೆ 100 ಸಲ ಅದುರುತ್ತದೆ. 60 ಆವರ್ತದ ಅಮೆರಿಕದಲ್ಲಿ ಇದು 120. ತಗಡಿನ ಕಾಂತತ್ವ ವೋಲ್ಟೇಜನ್ನು ಅವಲಂಬಿಸಿದೆಯೇ ಹೊರತು ಮನೆಗಳ ಬಳಕೆಯನ್ನಲ್ಲ. ಊರೆಲ್ಲ ದೀಪವಾರಿಸಿ ಮಲಗಿದ ಮೇಲೂ ಸದ್ದು ನಿಲ್ಲದಿರುವುದಕ್ಕೆ ಕಾರಣ ಇದೇ. ಲೋಡ್ ಹೆಚ್ಚಾಗಿಯೇ ಗುಂಯ್‌ಗುಡುತ್ತದೆ ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಸ್ವಭಾವವೇ ಆದರೆ ಮಾಡುವುದೇನು ಎಂದು ಕೇಳಬಹುದು. ಹೆಚ್ಚು ಉಕ್ಕು ಬಳಸಿ ಕಾಂತತ್ವದ ಸಾಂದ್ರತೆ ಇಳಿಸಿದರೆ ಸದ್ದು ತಗ್ಗುತ್ತದೆ. ಬೋಲ್ಟುಗಳನ್ನು ಬಿಗಿಗೊಳಿಸಿ ಕೆಳಗೆ ರಬ್ಬರ್ ಹಾಸು ಇಟ್ಟರೆ ಅದುರು ಗೋಡೆಗೆ ಹಬ್ಬುವುದು ಕಡಿಮೆಯಾಗುತ್ತದೆ. ಉಕ್ಕು ಹೆಚ್ಚಿದರೆ ಬೆಲೆಯೂ ಏರುತ್ತದೆ, ನಿಜ. ಆದರೆ ಸಾಂದ್ರತೆ ಇಳಿದಾಗ ತಗಡಿನಲ್ಲಿ ಬಿಸಿಯಾಗಿ ಪೋಲಾಗುವ ವಿದ್ಯುತ್ತೂ ಇಳಿಯುತ್ತದೆ. ಆ ಪೋಲು ದಿನದ 24 ಗಂಟೆಯೂ ಇರುವುದರಿಂದ ಹಾಕಿದ ಹಣದಲ್ಲಿ ಒಂದಷ್ಟು ಮರಳಿ ಬರುತ್ತದೆ. ಎಲ್ಲ ಉಳಿತಾಯವೂ ಮೌನ ತರುವುದಿಲ್ಲ ಎಂಬುದನ್ನೂ ಒಪ್ಪಬೇಕು: ಅಮಾರ್ಫಸ್ ಲೋಹದ ಟಿಸಿ ವಿದ್ಯುತ್ ಉಳಿಸಿದರೂ ಸಾಮಾನ್ಯವಾಗಿ ಹೆಚ್ಚು ಗುಂಯ್‌ಗುಡುತ್ತದೆ. ಅಂಥದ್ದನ್ನು ಮನೆಗಳಿಂದ ದೂರ ಇಡುವುದೇ ವಿವೇಕ.

ಶಬ್ದಮಾಲಿನ್ಯ ನಿಯಮಗಳು, 2000 ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ ಗೊತ್ತುಮಾಡಿವೆ. ಹಾಗಾಗಿ ಟಿಸಿ ಕೂರಿಸುವ ಮುನ್ನ ಜಾಗದ ಅಳತೆಯ ಜೊತೆ ಹತ್ತಿರದ ಮಲಗುವ ಕೋಣೆಯ ದೂರವನ್ನೂ ಅಳೆಯಬೇಕು. ಕೂರಿಸಿದ ಮೇಲೆ ಅದರ ಸದ್ದು ಬದಲಾದರೆ ಗಮನಿಸಬೇಕು. ಗುಂಯ್ ಎನ್ನುತ್ತಿದ್ದದ್ದು ಗಡಗಡ ಎಂದರೆ ಬೋಲ್ಟು ಸಡಿಲವಾಗಿರಬಹುದು, ಚಟಪಟ ಎಂದರೆ ಕಿಡಿ ಹಾರುತ್ತಿರಬಹುದು. ಜನ ದೂರು ಕೊಡಬೇಕಾದದ್ದು, ಲೈನ್‌ಮನ್ ತಡಮಾಡದೆ ಬರಬೇಕಾದದ್ದು ಆಗ.