ಹಾಲಿನ ಚೀಟಿ ನೋಡುವ ಕಣ್ಣು ಶಾಲೆಯನ್ನೂ ನೋಡಲಿ

ಹಾಲು ಉತ್ಪಾದಕ ಸಹೋದರಿಯರೇ,

ಡೈರಿಯಲ್ಲಿ ಹಾಲು ಹಾಕಿದ ಕೂಡಲೇ ನೀವು ನೋಡುವುದು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು. ಕಡಿಮೆ ಬಂದರೆ ಕಾರ್ಯದರ್ಶಿಯನ್ನು ಅಲ್ಲೇ ಕೇಳುತ್ತೀರಿ. ಮನೆಗೆ ಬಂದು ಮೇವು, ಹಿಂಡಿ, ಖನಿಜ ಮಿಶ್ರಣ ಸರಿಯಿದೆಯೇ ಎಂದು ಯೋಚಿಸುತ್ತೀರಿ. ಮಗುವಿನ ಪ್ರಗತಿ ಪತ್ರ ಬಂದಾಗ ಮಾತ್ರ ಸಹಿ ಮಾಡಿ ಬ್ಯಾಗಿಗೆ ಹಾಕಿಬಿಡುತ್ತೀರಿ.

ಈಚೆಗೆ ಹಸುವೊಂದಕ್ಕೆ ಚಿಕಿತ್ಸೆ ಕೊಡಲು ಒಂದು ಹಳ್ಳಿಗೆ ಹೋಗಿದ್ದೆ. ಔಷಧಿ ಕೊಡುವ ಹೊತ್ತನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದು, ಆರನೇ ತರಗತಿಯ ಹುಡುಗಿಗೆ ಕೊಟ್ಟು, 'ಅಮ್ಮನಿಗೆ ಓದಿ ಹೇಳಮ್ಮ' ಎಂದೆ. ಎರಡು ಪದ ಓದಿ ತಡವರಿಸಿ ನಿಂತಳು. 'ದಿನಾ ಸ್ಕೂಲಿಗೆ ಹೋಗ್ತಾಳಲ್ಲ ಡಾಕ್ಟ್ರೇ!' ಎಂದು ತಾಯಿ ಬೆರಗಾದರು.

ಕೆಚ್ಚಲು ಬಾವು ಕೆಲವೊಮ್ಮೆ ಹೊರಗೆ ಕಾಣುವುದಿಲ್ಲ. ಕೆಚ್ಚಲು ಚೆನ್ನಾಗಿರುತ್ತದೆ, ಹಾಲೂ ಬೆಳ್ಳಗಿರುತ್ತದೆ. ಪರೀಕ್ಷೆ ಮಾಡಿದಾಗಲೇ ಗೊತ್ತಾಗುವುದು. ಓದಿನ ಕೊರತೆಯೂ ಹೀಗೆಯೇ. 'ಅಸರ್' ಎಂಬ ಸಮೀಕ್ಷೆಯವರು 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡುತ್ತಿದ್ದಾರೆ. 2022ರಲ್ಲಿ ನಮ್ಮ ರಾಜ್ಯದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೂ ಎರಡನೇ ತರಗತಿಯ ಪಾಠ ಓದಲು ಬರಲಿಲ್ಲ.

ನಾನಿರುವ ಸರಸ್ವತಿಪುರಂನಲ್ಲಿ ತಂದೆತಾಯಿ ಶಾಲೆಗೆ ಹೋಗಿ ಧೈರ್ಯವಾಗಿ ಪ್ರಶ್ನೆ ಕೇಳುತ್ತಾರೆ. ಹಳ್ಳಿಯಲ್ಲಿ 'ನಮಗೇ ಓದು ಬರಲ್ಲ, ಏನು ಕೇಳೋದು?' ಎಂಬ ಸಂಕೋಚ. ಫ್ಯಾಟ್ ಅಳೆಯುವ ಯಂತ್ರ ಹೇಗೆ ನಡೆಯುತ್ತದೆಂದು ತಿಳಿದುಕೊಂಡೇ ನೀವು ಲೆಕ್ಕ ಕೇಳುತ್ತೀರಾ? ಇಲ್ಲವಲ್ಲ. ಹಾಗೆಯೇ ಇದೂ.

ಕೇಳುವ ಹಕ್ಕೂ ನಿಮಗಿದೆ. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ. ಹೆಸರು ನಿಮ್ಮದು, ಸಭೆಗೆ ಹೋಗುವವರು ಯಜಮಾನರು ಎಂದಾದರೆ ಪ್ರಯೋಜನವಿಲ್ಲ.

ಮೂರು ಕೆಲಸ ಮಾಡಿ. ದಿನಾ ಸಂಜೆ ಹತ್ತು ನಿಮಿಷ ಮಗುವಿನಿಂದ ಗಟ್ಟಿಯಾಗಿ ಓದಿಸಿ. ನಿಮಗೆ ಓದು ಬರದಿದ್ದರೂ ತಡವರಿಸುವುದು ಕಿವಿಗೆ ತಿಳಿಯುತ್ತದೆ. ಸಭೆಯನ್ನು ಹಾಲು ಕರೆಯುವ ಹೊತ್ತಿಗೆ ಇಡಬೇಡಿ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಸಭೆಯಲ್ಲಿ ಕಾಂಪೌಂಡು, ಬಣ್ಣದ ಮಾತು ಮುಗಿದ ಮೇಲೆ, 'ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಸರಾಗವಾಗಿ ಓದುತ್ತಾರೆ? ಓದಲಾರದವರಿಗೆ ಏನು ಮಾಡೋಣ?' ಎಂದು ಕೇಳಿ. ಜಗಳಕ್ಕಲ್ಲ, ಹಲವು ತರಗತಿಗಳನ್ನು ಒಬ್ಬರೇ ನಿಭಾಯಿಸುವ ಶಿಕ್ಷಕರಿಗೂ ನಿಮ್ಮ ಬೆಂಬಲ ಬೇಕು.

ಒಂದು ಮಾತು ನಮಗೂ ಅನ್ವಯಿಸುತ್ತದೆ. ಹಸು ಕರು ಹಾಕಿತೆಂದು ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲಿ ನಿಲ್ಲಿಸಿಕೊಂಡು, ಆಮೇಲೆ ಶಾಲೆಯನ್ನು ದೂರುವುದು ಸರಿಯಲ್ಲ.

2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯ ಮಕ್ಕಳು ನೀವು ಹಾಕಿದ ಹಾಲನ್ನೇ ಕುಡಿಯುತ್ತಿದ್ದಾರೆ. ಹಾಲು ಶಾಲೆಯವರೆಗೆ ಹೋಗಿದೆ. ಇನ್ನು ನೀವೂ ಹೋಗಬೇಕು.

— ಪಶುವೈದ್ಯಾಧಿಕಾರಿ, ಸರಸ್ವತಿಪುರಂ, ಮೈಸೂರು